ಸಾಲು ಡೊಂಕಾದ ಜಾಗ

ಉತ್ತರಿ ಮಳೆ ಮೂರು ದಿನ ಹಿಡಿದು ಬಿಟ್ಟಿತ್ತು. ಎರಿ ಹೊಲದ ಕಪ್ಪು ಮಣ್ಣು ಹಿಡಿಯಲ್ಲಿ ಒತ್ತಿದರೆ ಉಂಡೆಯಾಗಿ, ಬೆರಳು ಬಿಚ್ಚಿದರೆ ಉದುರುವ ಹದಕ್ಕೆ ಬಂದಿತ್ತು. ಸಾರವಾಡದ ಸುತ್ತ ಎಲ್ಲಿ ನೋಡಿದರೂ ಹಿಂಗಾರಿ ಜೋಳದ ಬಿತ್ತಿಗೆ. ಹದ ಆರೀತೆಂಬ ಅವಸರದಲ್ಲಿ ಜನ ಒಡ್ಡಿನ ಮೇಲೆ ನಿಂತೇ ರೊಟ್ಟಿ ತಿಂದು ಮುಗಿಸುತ್ತಿದ್ದರು.

ಕಸ್ತೂರಿ ಬೆಳಿಗ್ಗೆ ಏಳಕ್ಕೇ ಟ್ರ್ಯಾಕ್ಟರ್ ಹತ್ತಿದ್ದಳು. ಸೀರೆಯ ಮೇಲೆ ತಮ್ಮನ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಟಾವೆಲ್ಲು. ಹಿಂದೆ ಕೂರಿಗೆ ಬೀಜ ಬಿಡುತ್ತ ಬರುತ್ತಿತ್ತು.

ಮೂವತ್ತೊಂದು ವರ್ಷದ ಅವಳಿಗೆ ಈ ಕೆಲಸದಲ್ಲಿ ಸುಖವೂ ಇರಲಿಲ್ಲ, ದಣಿವೂ ಇರಲಿಲ್ಲ. ಆರು ವರ್ಷದಿಂದ ಅವಳಿಗೆ ಯಾವುದೂ ಅಷ್ಟಾಗಿ ಅನ್ನಿಸುತ್ತಿರಲಿಲ್ಲ. ಬಿಸಿ ಚಹಾದ ಲೋಟ ಹಿಡಿದು ಹಾಗೇ ಕುಳಿತುಬಿಡುವಳು. ಅಂಗೈ ಕೆಂಪಾದದ್ದನ್ನು ಕಂಡು ಅವ್ವ ತಾಯವ್ವನೇ ಬಂದು ಲೋಟ ಕಸಿದುಕೊಳ್ಳಬೇಕು.

ಹೊಲದ ತುದಿಯಲ್ಲಿ ಗಾಡಿ ಹೊರಳಿಸುವಾಗ ಎದುರಿಗೆ ಒಬ್ಬ ನಿಂತಿದ್ದ. ಕಾಲ ಬಳಿ ಒಂದು ರಟ್ಟಿನ ಪೆಟ್ಟಿಗೆ, ಕೈಯಲ್ಲಿ ನಟ್ಟು ಬಿಚ್ಚುವ ಪಾನಾ.

"ಅಕ್ಕಾರ, ಗಾಡಿ ಬಂದ್ ಮಾಡ್ರಿ. ಸ್ಟೇರಿಂಗ ಬಿಚ್ಚೂದೈತಿ."

ಅವಳು ಬಂದ್ ಮಾಡಲಿಲ್ಲ. ಗಾಲಿ ಅವನ ಕಾಲಿನಿಂದ ಒಂದು ಮಾರು ದೂರದಲ್ಲಿ ನಿಂತಿತು. ಅವನು ಹಿಂದೆ ಸರಿಯಲಿಲ್ಲ.

"ಯಾರ ಹೇಳಿದ್ರು ಬಿಚ್ಚಾಕ?"

"ನಿಮ್ಮ ತಮ್ಮಾರು. ಕಾಲಮ್ಯಾಲ ಹಾಯಿಸಿದ್ರ ಬ್ಯಾರೆ ಫಿಟ್ಟರ್ ಸಿಗಂಗಿಲ್ರಿ, ಇಡೀ ಸೊಲ್ಲಾಪುರ ರಸ್ತೇಕ ಈ ಕೆಲಸ ಬರೂದು ನನಗೊಬ್ಬಗ."

ಅಷ್ಟರಲ್ಲಿ ತಮ್ಮ ಅಪ್ಪು ಮೋಟಾರುಸೈಕಲ್ ನಿಲ್ಲಿಸಿ ಓಡಿ ಬಂದ. ಬಬಲೇಶ್ವರದಲ್ಲಿ ಗೊಬ್ಬರದ ಅಂಗಡಿ ಇಟ್ಟ ಅಪ್ಪುಗೆ ಹೊಸದೆಂದರೆ ಹುಚ್ಚು. ಇದು ಸ್ಟೇರಿಂಗ್ ತಾನೇ ತಿರುಗಿಸುವ ಮಶೀನು. ಮೇಲೆ ಉಪಗ್ರಹ ನೋಡಿಕೊಂಡು ಕೆಳಗೆ ನೂಲು ಹಿಡಿದ ಹಾಗೆ ಸಾಲು ಹೊಡೆಯುತ್ತದೆ ಎಂದು ಉಸಿರು ಬಿಡದೆ ಹೇಳಿದ. ಇನ್ನು ಮುಂದೆ ಅಕ್ಕ ಬಿಸಿಲಲ್ಲಿ ಕೂರುವುದು ಬೇಡ, ಯಾರನ್ನಾದರೂ ಸೀಟಿನ ಮೇಲೆ ಕೂರಿಸಿದರೆ ಸಾಕು, ಎಂದ. ಅವನ ಮನಸ್ಸಿನಲ್ಲಿ ಇದ್ದದ್ದು ಬರೀ ಪ್ರೀತಿ.

ಕಸ್ತೂರಿಯ ಎದೆಯಲ್ಲಿ ಏನೋ ಒಂದು ಅಲುಗಿತು. ಭಯವಿರಬೇಕು. ಅದರ ಪರಿಚಯ ತಪ್ಪಿ ಬಹಳ ದಿನವಾಗಿತ್ತು.

ಯಾರನ್ನಾದರೂ ಕೂರಿಸಿದರೆ... ನೆಟ್ಟಗೆ ಹೋದರೆ...

ಫಿಟ್ಟರನ ಹೆಸರು ಅಮೋಘಸಿದ್ದ, ಊರು ಟಿಕೋಟಾ. ಕೆಲಸ ಮಾಡುತ್ತ ತನ್ನ ಕತೆ ತಾನೇ ಹೇಳಿಕೊಂಡ. ಐದು ವರ್ಷ ಗೋವಾದ ದೋಣಿ ಕಾರಖಾನೆಯಲ್ಲಿದ್ದನಂತೆ. ಸಣ್ಣ ಹಾಯಿದೋಣಿಗಳಿಗೂ ಹೀಗೇ ಗಾಲಿಯಂಥ ಸ್ಟೇರಿಂಗ್ ಇರುತ್ತದಂತೆ; ಅದಕ್ಕೊಂದು ಮೋಟಾರು ಕಟ್ಟಿ ದಿಕ್ಕು ಹೇಳಿಬಿಟ್ಟರೆ ಮನುಷ್ಯ ಕೈಕಟ್ಟಿ ಕೂತರೂ ದೋಣಿ ದಾರಿ ಬಿಡುವುದಿಲ್ಲವಂತೆ. ಅದೇ ವಿದ್ಯೆಯನ್ನು ವಿಜಯಪುರದ ಜಾವೀದನ ವರ್ಕ್‌ಶಾಪಿಗೆ ತಂದು ಟ್ರ್ಯಾಕ್ಟರಿಗೆ ಹೊಂದಿಸಿದ್ದ. ಇದೇ ಮೊದಲ ಟ್ರ್ಯಾಕ್ಟರ್.

"ಒಂಬತ್ತ ಕಡೆ ಕನ್ಯಾ ನೋಡಿ ಬಂದೇನ್ರಿ" ಎಂದ, ಯಾರೂ ಕೇಳದಿದ್ದರೂ. "ಎಲ್ಲಾರೂ ದೋಣಿ ರಿಪೇರಿ ಮಾಡಾಂವ ವಿಜಾಪುರದಾಗ ಏನ ಮಾಡ್ತಿ ಅಂತ ಕೇಳಿದ್ರು. ಅದಕ್ಕ ಉತ್ತರಾ ಹುಡುಕಾಕತ್ತೇನಿ."

ಒಡ್ಡಿನ ಮೇಲೆ ಕುಳಿತಿದ್ದ ಅಪ್ಪ ಯಲಗೂರಪ್ಪ ನಕ್ಕ. ಕಸ್ತೂರಿ ನಗಲಿಲ್ಲ.

ಮೊದಲ ಎಂಟು ಸಾಲು ಅವಳೇ ಹೊಡೆಯಬೇಕು, ಹೊಲದ ಗುರುತು ಮಶೀನಿಗೆ ಜೋಡಿಸಿದ ಟ್ಯಾಬಿಗೆ ತಿಳಿಯಲಿ ಎಂದು ಅಮೋಘಸಿದ್ದ ಹೇಳಿದ. ಹೊಡೆದಳು. ಒಂಬತ್ತನೆಯದಕ್ಕೆ ಅವನು ಮಡ್‌ಗಾರ್ಡಿನ ಮೇಲೆ ಕುಳಿತು, ಟ್ಯಾಬ್ ಒತ್ತಿ, "ಈಗ ಕೈ ಬಿಡ್ರಿ" ಎಂದ.

ಅವಳ ಕೈ ಬಿಡಲಿಲ್ಲ.

"ಏನೂ ಆಗಂಗಿಲ್ಲ ಅಕ್ಕಾರ. ಕೈ ಬಿಡ್ರಿ."

ಎಷ್ಟು ಸಲೀಸಾಗಿ ಹೇಳುತ್ತಾನೆ... ಕೈ ಬಿಡು ಎಂದು.

ಈ ಮಾತಿಗೆ ಅವಳ ಬದುಕಿನಲ್ಲಿ ಒಂದೇ ಅರ್ಥವಿತ್ತು. ಚೊಚ್ಚಲ ಬಾಣಂತನಕ್ಕೆ ಜೈನಾಪುರದಿಂದ ತವರಿಗೆ ಬಂದವಳು ಅವಳು. ಹೆಣ್ಣು ಕೂಸು. ಹದಿಮೂರನೇ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದೆಂದು ಎಲ್ಲರಿಗೂ ಹೇಳಿಕಳಿಸಿಯಾಗಿತ್ತು. ಹನ್ನೊಂದನೇ ದಿನ ಬೆಳಿಗ್ಗೆ ಕೂಸು ಎದ್ದೇಳಲಿಲ್ಲ. ಬಾಣಂತಿ ಹೊಸ್ತಿಲು ದಾಟಬಾರದೆಂದು ಅವಳು ಕೋಣೆಯಲ್ಲೇ ಉಳಿದಳು. ಅಪ್ಪ ಕೂಸನ್ನು ಬಿಳೀ ಬಟ್ಟೆಯಲ್ಲಿ ಸುತ್ತಿಕೊಂಡು, ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಹೊಲಕ್ಕೆ ಹೋದ. ಗಂಡ ಬಂದು ಒಂದು ತಾಸು ಕೂತು ಎದ್ದು ಹೋದವನು ಮತ್ತೆ ಕರೆಯಲು ಬರಲಿಲ್ಲ. ಎರಡು ವರ್ಷಕ್ಕೆ ಕೋರ್ಟಿನಲ್ಲಿ ಬಿಡುಗಡೆಯಾಯಿತು. ಕಸ್ತೂರಿಯನ್ನು ಗಂಡ ಕೈ ಬಿಟ್ಟ ಎಂದು ಊರು ಹೇಳಿತು.

ಅವಳಿಗೆ ಅಳು ಬರಲಿಲ್ಲ. ಅಂದಿನಿಂದ ಏನೂ ಬರಲಿಲ್ಲ.

ಅಪ್ಪ ಗುರುತಿಗೆ ಇಟ್ಟಿದ್ದ ಕಲ್ಲು ಅದೇ ವರ್ಷದ ಉಳುಮೆಯಲ್ಲಿ ಸರಿದುಹೋಯಿತು. ಬಾಡಿಗೆ ಟ್ರ್ಯಾಕ್ಟರಿನವನು ಆ ಜಾಗದ ಮೇಲೆ ಗಾಲಿ ಹಾಯಿಸಿದ್ದನ್ನು ಕಂಡ ದಿನವೇ ಅವಳು ಡ್ರೈವಿಂಗ್ ಕಲಿಯುತ್ತೇನೆಂದು ಹಟ ಹಿಡಿದಳು. ಗಂಡ ಬಿಟ್ಟವಳಿಗೆ ಗಂಡುಗೆಲಸದ ಹುಚ್ಚು ಎಂದು ಮಂದಿ ಆಡಿಕೊಂಡರು. ಕಾರಣ ಯಾರಿಗೂ ಹೇಳಲಿಲ್ಲ. ಆರು ವರ್ಷದಿಂದ ಆ ಹೊಲದಲ್ಲಿ ಇನ್ನೊಬ್ಬರ ಕೈಗೆ ಸ್ಟೇರಿಂಗ್ ಕೊಟ್ಟಿರಲಿಲ್ಲ.

ಈಗ ಮಶೀನು ಅದನ್ನು ತಿರುಗಿಸುತ್ತಿತ್ತು. ಅವಳ ಬೆರಳುಗಳ ನಡುವೆಯೇ ಸ್ಟೇರಿಂಗ್ ಆಚೀಚೆ ಮಿಡುಕುತ್ತಿತ್ತು, ಗಾಡಿ ನೆಟ್ಟಗೆ ಹೋಗುತ್ತಿತ್ತು. ಆ ಜಾಗಕ್ಕೆ ಮೂವತ್ತು ಹೆಜ್ಜೆ. ಇಪ್ಪತ್ತು. ಹತ್ತು...

ಅವಳು ಎರಡೂ ಕೈಯಿಂದ ಎಳೆದಳು. ಮೋಟಾರು ಬಿಡಲಿಲ್ಲ. ಇನ್ನೂ ಜೋರಾಗಿ ಎಳೆದಳು. ಒಳಗಿನ ಹಲ್ಲಿನ ಚಕ್ರ ಮುರಿದ ಸದ್ದು ಒಡ್ಡಿನ ತನಕ ಕೇಳಿತು. ಟ್ರ್ಯಾಕ್ಟರ್ ಅಡ್ಡಕ್ಕೆ ತಿರುಗಿ ನಿಂತಿತು.

ಅಪ್ಪು ಓಡಿ ಬಂದ. ನೋಡಲು ನೆರೆದಿದ್ದ ಬಬಲೇಶ್ವರದ ಮೂವರು ಗಿರಾಕಿಗಳೂ ಬಂದರು.

"ಯಕ್ಕಾ, ಮಶೀನ ಎಳೀತೋ, ನೀ ಎಳದಿಯೋ?"

ಅಮೋಘಸಿದ್ದ ಅವಳ ಮುಖವನ್ನೇ ನೋಡುತ್ತಿದ್ದ. ನಿಜ ಹೇಳಿದರೆ ಯಾಕೆಂದು ಕೇಳುತ್ತಾರೆ.

"ಮಶೀನ ಎಳೀತು" ಎಂದಳು.

ಅವನು ಪಾನಾ ಎತ್ತಿಕೊಂಡ. ಮುರಿದ ಚಕ್ರವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, ಹಳೆಯ ಸ್ಟೇರಿಂಗ್ ಕೂರಿಸಿ, ಪೆಟ್ಟಿಗೆ ಕಟ್ಟಿದ. ತಾಯವ್ವ ಊಟಕ್ಕೆ ಏಳಲು ಹೇಳಿದಾಗ ಹಸಿವಿಲ್ಲ ಎಂದ. ಹೋಗುವಾಗ ಕಸ್ತೂರಿಯ ಕಡೆ ತಿರುಗಿಯೂ ನೋಡಲಿಲ್ಲ.

ಅಂದು ಸಂಜೆಯೇ ಮತ್ತೆ ಮಳೆ ಬಿದ್ದು ಬಿತ್ತಿಗೆ ನಿಂತುಹೋಯಿತು. ಒಂಬತ್ತನೇ ಸಾಲು ಹಾಗೇ ಉಳಿಯಿತು.

ಆರು ದಿನ ಕೆಸರು. ಕಸ್ತೂರಿ ಎಮ್ಮೆ ಹಿಂಡಿದಳು, ಜೋಳ ಹಸನು ಮಾಡಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಆಗಾಗ ಆ ಮನುಷ್ಯ ಚಕ್ರವನ್ನು ಜೇಬಿಗೆ ಹಾಕಿಕೊಂಡದ್ದು ಕಣ್ಣಿಗೆ ಕಟ್ಟುತ್ತಿತ್ತು. ಅದರಿಂದ ನೋವಾಗಬೇಕಿತ್ತು. ನೋವಾಗಬೇಕಿತ್ತು ಎಂಬುದಷ್ಟೇ ತಿಳಿಯುತ್ತಿತ್ತು.

ಏಳನೇ ದಿನ ಅಪ್ಪು ಊಟಕ್ಕೆ ಕುಳಿತವನು ಸುದ್ದಿ ಹೇಳಿದ. ಬಬಲೇಶ್ವರದ ಮೂವರೂ ಮಶೀನು ಬೇಡವೆಂದು ಫೋನ್ ಮಾಡಿದರಂತೆ. ಜಾವೀದ ಆ ಟಿಕೋಟಾದವನನ್ನು ಮಶೀನಿನ ಕೆಲಸದಿಂದ ತೆಗೆದು ಎಣ್ಣೆ ಬದಲಿಸಲು ಹಚ್ಚಿದ್ದಾನಂತೆ; ಚಕ್ರದ ನಾಲ್ಕು ಸಾವಿರವೂ ಅವನ ಪಗಾರದಲ್ಲೇ ಕಡಿತವಂತೆ; ಅವನೀಗ ಯಾರ ಜೊತೆಗೂ ಮಾತಾಡುತ್ತಿಲ್ಲವಂತೆ.

"ಪಾಪ, ಮಾತಿನ ಮನಷ್ಯಾ ಇದ್ದ" ಎಂದಳು ತಾಯವ್ವ. "ಈಗ ಬಾಯೇ ಬಿಡವಲ್ಲನಂತ?"

ಕಸ್ತೂರಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ನನ್ನದೊಂದು ಸುಳ್ಳು ಎಷ್ಟು ದೂರ ನಡೆಯಿತು!

ಮರುದಿನ ಒಂಬತ್ತರ ಬಸ್ಸಿಗೆ ವಿಜಯಪುರಕ್ಕೆ ಹೊರಟಳು. ಹಲ್ಲುನೋವು ಎಂದು ಅವ್ವನಿಗೆ ಹೇಳಿದಳು.

ಸೊಲ್ಲಾಪುರ ರಸ್ತೆಯ ವರ್ಕ್‌ಶಾಪಿನಲ್ಲಿ ಅಮೋಘಸಿದ್ದ ಒಂದು ಜೀಪಿನ ಕೆಳಗೆ ಮಲಗಿದ್ದ. ಅವಳಿಗೆ ಕಂಡದ್ದು ಅವನ ಕಾಲು ಮಾತ್ರ. ಮಾಲೀಕ ಜಾವೀದ ನರೆತ ಗಡ್ಡದ, ದೊಡ್ಡ ದನಿಯ ಮನುಷ್ಯ. ಕುರ್ಚಿ ಒರೆಸಿ ಕೊಟ್ಟ. ಅವಳು ಕೂರಲಿಲ್ಲ.

"ಮಶೀನ ಎಳೀಲಿಲ್ರಿ. ನಾ ಎಳದೆ. ಎಲ್ಲಾರ ಮುಂದ ಸುಳ್ಳ ಹೇಳಿದೆ."

ಕಾಲು ಜೀಪಿನಡಿಯಿಂದ ನಿಧಾನವಾಗಿ ಹೊರಬಂತು. ಆಮೇಲೆ ಎಣ್ಣೆ ಮೆತ್ತಿದ ಮುಖ.

"ಯಾಕ ಎಳದೀ ಯವ್ವಾ?" ಎಂದು ಜಾವೀದ ಕೇಳಿದ.

ಅಮೋಘಸಿದ್ದನೇ ಉತ್ತರ ಕೊಟ್ಟ. ದನಿ ಏರಿರಲಿಲ್ಲ; ಅದಕ್ಕೇ ಹೆಚ್ಚು ಚುಚ್ಚುವಂತಿತ್ತು.

"ಮಶೀನ ಬಂದ್ರ ತಮ್ಮ ಸೀಟು ಹೋಗತೈತಿ ಅಂತ ಎಳದಾರ, ಮತ್ತೇನ. ಊರಾಗ ಟ್ರ್ಯಾಕ್ಟರ್ ಹೊಡಿಯೂ ಹೆಣಮಗಳು ಒಬ್ಬಾಕೀನ. ಆ ಹೆಚ್ಚಗಾರಿಕಿ ಯಾರ ಬಿಟ್ಟಾರು?"

ಹೂಂ ಅಂದುಬಿಟ್ಟರೆ ಮುಗಿಯುತ್ತಿತ್ತು. ಅವಳು ಹೂಂ ಅನ್ನಲೆಂದೇ ತಲೆ ಎತ್ತಿದಳು.

"ನಿನ್ನೆತನಾ ಹಿಂಗ ತಿಳಿದಿದ್ದೆ" ಎಂದು ಅವನು ಕೈ ಒರೆಸಿಕೊಂಡ. "ನಿನ್ನೆ ಟ್ಯಾಬ್ ಖಾಲಿ ಮಾಡಾಕ ಕುಂತೆ. ಇದನ್ನ ನೋಡ್ರಿ."

ಟ್ಯಾಬಿನ ಮೇಲೆ ಅವಳ ಎಂಟು ಸಾಲು ಎಂಟು ಹಸಿರು ಗೆರೆಯಾಗಿ ಬಿದ್ದಿದ್ದವು. ಮೊದಲ ನಾಲ್ಕು ನೆಟ್ಟಗೆ. ಐದನೆಯದು ಒಂದು ಕಡೆ ಕೂದಲೆಳೆಯಷ್ಟು ಬಾಗಿತ್ತು. ಆರನೆಯದು ಇನ್ನಷ್ಟು, ಏಳನೆಯದು ಅದಕ್ಕಿಂತ ಹೆಚ್ಚು. ಎಂಟನೆಯದು ನೀರು ಕಲ್ಲನ್ನು ಬಳಸುವ ಹಾಗೆ ಒಂದೇ ಜಾಗವನ್ನು ಬಳಸಿ ಹೋಗಿತ್ತು. ತನ್ನ ಕೈ ಇಷ್ಟು ದಿನ ಬರೆದದ್ದನ್ನು ಅವಳು ಮೊದಲ ಸಲ ಕಣ್ಣಾರೆ ನೋಡಿದಳು.

"ಹೆಚ್ಚಗಾರಿಕಿಗೆ ಹಿಂಗ ಯಾರೂ ತಿರವಂಗಿಲ್ಲ" ಎಂದ ಅವನು ಮೆಲ್ಲಗೆ. "ಇಲ್ಲಿ ಏನೈತ್ರಿ? ಹಳೀ ಬಾವಿ? ಬಂಡಿಗಲ್ಲು?"

ಪಕ್ಕದಲ್ಲಿ ಕಂಪ್ರೆಸರ್ ಬಡಿದುಕೊಳ್ಳುತ್ತಿತ್ತು.

"ನನ್ನ ಮಗಳು ಅದಾಳ್ರಿ."

ಜಾವೀದ ಹೋಗಿ ಕಂಪ್ರೆಸರ್ ಬಂದ್ ಮಾಡಿದ. ಮಾಡಿದವನು ಒಳಗೆ ಬರಲಿಲ್ಲ, ರಸ್ತೆಗೆ ಮುಖ ಮಾಡಿ ಬಾಗಿಲಲ್ಲೇ ನಿಂತ.

ಕಸ್ತೂರಿ ಎಲ್ಲವನ್ನೂ ಹೇಳಿದಳು. ಹನ್ನೊಂದು ದಿನ, ಬಿಳೀ ಬಟ್ಟೆ, ಸರಿದ ಕಲ್ಲು. ಕಾಳಿನ ಪೇಟೆಧಾರಣೆ ಹೇಳುವವಳ ಹಾಗೆ ಏರಿಳಿತವಿಲ್ಲದೆ ಹೇಳಿದಳು. ಹೆಸರೇನು ಎಂದು ಅವನು ಕೇಳಲಿಲ್ಲ; ಹದಿಮೂರನೇ ದಿನ ಬರಲಿಲ್ಲವೆಂಬುದು ಅವನಿಗೆ ಅರ್ಥವಾಗಿತ್ತು.

"ಕಲ್ಲಿಲ್ಲ, ಗುರ್ತಿಲ್ಲ. ಜಾಗಾ ಹೆಂಗ ಹಿಡೀತೀರಿ?" ಎಂದಷ್ಟೇ ಕೇಳಿದ.

"ಒಡ್ಡಿನ ಬೇವಿನ ಗಿಡ ಲೈಟಿನ ಕಂಬದ ಹಿಂದ ಸರದು ಮುಚ್ಚತೈತ್ರಿ. ಅಲ್ಲಿ."

ಅವನು ಬಾಗಿದ ಗೆರೆಯ ಮೇಲೆ ಬೆರಳಿಟ್ಟ. "ಸಮುದ್ರದಾಗ ಮೀನಗಾರರು ಹಿಂಗ ಜಾಗಾ ಹಿಡೀತಾರ. ದಂಡಿ ಮ್ಯಾಲಿನ ಎರಡು ಗುರ್ತು ಒಂದಾಗೂದು ನೋಡಿ." ಮತ್ತೆ ಹೇಳಿದ: "ನೀರಿನ ಕೆಳಗ ಕಲ್ಲಿದ್ದಲ್ಲಿ ನಕಾಶೆದಾಗ ಒಂದು ಗುರ್ತು ಹಾಕಿರ್ತಾರ್ರಿ. ದೋಣಿ ತಾನ ಬಳಸಿ ಹೋಗತೈತಿ. ಇದಕ್ಕೂ ಹಾಕಾಕ ಬರತೈತಿ. ನನಗ ಅವತ್ತ ಒಂದ ಮಾತ ಹೇಳಿದ್ರ..."

"ಹೇಳಾಕ ಬರಲಿಲ್ರಿ."

"ಹೂಂ" ಎಂದ. "ಹೆಚ್ಚಗಾರಿಕಿ ಅಂದಿದ್ದು ತಪ್ಪಾತು."

ಅವಳನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಜಾವೀದನೇ ರಿಕ್ಷಾ ಕರೆದ. ರಿಕ್ಷಾ ಹೊರಡುವಾಗ ಅವಳು ಗಮನಿಸಿದಳು: ಇಷ್ಟು ಹೊತ್ತಿನಲ್ಲಿ ಅಮೋಘಸಿದ್ದ ಒಂದು ಸಲವೂ ಅಕ್ಕಾರ ಅನ್ನಲಿಲ್ಲ.

ನಾಲ್ಕು ದಿನಕ್ಕೆ ಹೊಲ ಮತ್ತೆ ಹದಕ್ಕೆ ಬಂತು. ಅಮೋಘಸಿದ್ದ ಮಶೀನಿಗೆ ಹೊಸ ಚಕ್ರ ಹಾಕಿಕೊಂಡು ಬಂದ. ಅಪ್ಪು ಮೊದಲು ಒಲ್ಲೆನೆಂದ. ಈ ಸಲ ಮಶೀನು ಎಳೆದರೆ ಯಾರು ಜವಾಬ್ದಾರಿ ಎಂದು ಕೇಳಿದ. ಅವತ್ತು ಎಳೆದವಳು ನಾನೇ ಎಂದು ಕಸ್ತೂರಿ ಅಪ್ಪ, ತಮ್ಮ ಇಬ್ಬರ ಮುಂದೆಯೂ ಹೇಳಿದಳು. ಅಪ್ಪು ಯಾಕೆಂದು ಕೇಳಹೊರಟ. ಯಲಗೂರಪ್ಪ ಮಾತ್ರ ಏನೂ ಕೇಳದೆ, ಹಚ್ಚಲಿ ಬಿಡು ಎಂದ.

ಅವಳೂ ಅಮೋಘಸಿದ್ದನೂ ಕೆಸರು ಆರಿದ ಹೊಲದೊಳಗೆ ನಡೆದರು. ಬೇವಿನ ಗಿಡ ಕಂಬದ ಹಿಂದೆ ಸರಿದು ಮುಚ್ಚಿದಲ್ಲಿ ಅವಳು ನಿಂತಳು. ಅವನು ಚಪ್ಪಲಿ ಕಳಚಿ ದೂರ ಇಟ್ಟು ಬಂದ.

"ಎಷ್ಟ ಜಾಗಾ ಬಿಡೂಣು?"

ಅವಳು ಎರಡು ಕೈ ಎತ್ತಿ ತೋರಿಸಿದಳು. ಒಂದು ಮೊಳವೂ ಇಲ್ಲ. ತೋರಿಸಿದ ಕೈಯನ್ನು ಇಳಿಸುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಹಾಗೇ ನಿಂತಿದ್ದಳು.

ಅವನು ಆ ಕೈಗಳನ್ನು ನೋಡಿದ. ಆಮೇಲೆ ಟ್ಯಾಬಿನತ್ತ ಬಗ್ಗಿದ.

"ಅಷ್ಟ ಸಾಲಂಗಿಲ್ಲ. ನಾಕ ಹೆಜ್ಜಿ ಬಿಡೂಣು" ಎಂದ. "ಕೂಸಿಗೆ ಮಗ್ಗಲಾ ಹೊಳ್ಳಾಕರೆ ಜಾಗಾ ಬೇಕಲ್ರಿ."

ಕಸ್ತೂರಿ ಕೂತುಬಿಟ್ಟಳು. ಎಲ್ಲಿಂದ ಬಂತೋ, ಗಂಟಲಿನಿಂದ ಒಂದು ಸದ್ದು ಬಂತು. ಅಳುವೆಂದು ಹೇಳುವ ಹಾಗಿರಲಿಲ್ಲ, ಬಹಳ ದಿನ ಕಟ್ಟಿದ ಪಂಪಿನಲ್ಲಿ ನೀರಿಗಿಂತ ಮೊದಲು ಗಾಳಿ ಬರುತ್ತದಲ್ಲ, ಹಾಗೆ. ಅವನು ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ. ಒಡ್ಡಿನ ಮೇಲಿನವರಿಗೆ ಅವಳು ಕಾಣದ ಹಾಗೆ ಅಡ್ಡ ನಿಂತು, ಟ್ಯಾಬ್ ಒತ್ತುತ್ತ ಇದ್ದ. ಒತ್ತುವುದು ಎಂದೋ ಮುಗಿದಿತ್ತು.

"ಟ್ಯಾಬ್ ಕೆಟ್ಟರ?" ಎಂದು ಅವಳು ಕೊನೆಗೆ ಕೇಳಿದಳು.

"ಜಾವೀದಣ್ಣನ ಕಂಪ್ಯೂಟರಿನಾಗೂ ಇಡ್ತೇನಿ. ಒಂದ ಕಾಗದದ ಮ್ಯಾಲೂ ಬರಕೊಡ್ತೇನಿ."

ಒಂಬತ್ತನೇ ಸಾಲು ಹೊರಟಿತು. ಕಸ್ತೂರಿ ಸೀಟಿನ ಮೇಲೆ, ಕೈ ತೊಡೆಯ ಮೇಲೆ. ಎದುರಿಗೆ ಯಾರೂ ಹಿಡಿಯದ ಸ್ಟೇರಿಂಗ್ ಸಣ್ಣಗೆ ಮಿಡುಕುತ್ತಿತ್ತು, ಗಾಡಿ ನೆಟ್ಟಗೆ ಹೋಗುತ್ತಿತ್ತು. ಮೂವತ್ತು ಹೆಜ್ಜೆ. ಇಪ್ಪತ್ತು. ಅವಳ ಬೆರಳು ತಾವೇ ಮೇಲೆದ್ದವು.

ಅಷ್ಟರಲ್ಲಿ ಗಾಲಿ ತಿರುಗಿತು.

ಅವಸರವಿಲ್ಲದೆ, ಅವಳೇ ತಿರುಗಿಸುತ್ತಿದ್ದ ಹಾಗೆ, ಆ ಜಾಗವನ್ನು ಬಳಸಿ, ಮತ್ತೆ ತನ್ನ ಸಾಲಿಗೆ ಬಂದು ಸೇರಿತು. ಅವಳ ಎರಡೂ ಅಂಗೈ ನೋಯುತ್ತಿದ್ದವು. ಆರು ವರ್ಷ ಹಿಡಿದು ಹಿಡಿದು ಎಷ್ಟು ನೊಂದಿವೆಯೆಂದು ಈಗ ಗೊತ್ತಾಗುತ್ತಿತ್ತು.

ಸಾಲಿನ ತುದಿಯಲ್ಲಿ ಯಲಗೂರಪ್ಪ ನಿಂತಿದ್ದ. ಒಂದು ಕಾಲಕ್ಕೆ ಈ ಸೀಮೆಯಲ್ಲೇ ನೆಟ್ಟ ಸಾಲಿಗೆ ಹೆಸರಾದ ಒಕ್ಕಲಿಗ. ಡೊಂಕು ಸಾಲು ನೋಡಿ ಮಂದಿ ನಕ್ಕರೂ ಮಗಳಿಗೆ ಒಂದು ದಿನ ಯಾಕೆಂದು ಕೇಳಿದವನಲ್ಲ. ಅವನು ಅಮೋಘಸಿದ್ದನಿಗೆ ಹೇಳಿದ ಮಾತು ಮಗಳಿಗೂ ಕೇಳಿತು.

"ಅಲ್ಲಿ ಮಣ್ಣಾಗ ಬಂಡಿಗಲ್ಲೈತಿ, ಅದಕ್ಕ ಆಕಿ ತಿರವತಾಳ ಅಂತ ಆರು ವರ್ಷ ಊರಿಗೆಲ್ಲಾ ಸುಳ್ಳ ಹೇಳೇನಿ ತಮ್ಮಾ. ಇನ್ನ ಹೇಳೂದು ತಪ್ಪಿತು."

ಅಪ್ಪನಿಗೆ ಗೊತ್ತಿತ್ತು. ಮೊದಲಿನಿಂದಲೂ... ಕಸ್ತೂರಿ ಗಾಡಿಯಿಂದಿಳಿದು ಅವನ ಪಕ್ಕ ನಿಂತಳು. ಅಪ್ಪ ಮಗಳು ಇಬ್ಬರೂ ಹೊಲ ನೋಡಿದರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಜೋಳ ಮೊಳಕಾಲುದ್ದ ಬರುವ ಹೊತ್ತಿಗೆ ಅಮೋಘಸಿದ್ದ ಐದು ಸಲ ಬಂದುಹೋದ. ಒಮ್ಮೆ ವೈರು ನೋಡಲು, ಒಮ್ಮೆ ಬೋಲ್ಟು ಬಿಗಿಯಲು. ಮಿಕ್ಕ ಸಲ ಕಾರಣ ಸರಿಯಾಗಿ ತಿಳಿಯಲಿಲ್ಲ. ಬಬಲೇಶ್ವರದ ಮೂವರೂ ಮಶೀನು ಹಾಕಿಸಿಕೊಂಡಿದ್ದರು. ಅಲ್ಲಿಗೆ ಹೋಗಲು ಮಾತ್ರ ಅವನಿಗೆ ಇಷ್ಟು ಪುರಸೊತ್ತು ಸಿಗುತ್ತಿರಲಿಲ್ಲ.

"ಕೆಟ್ಟಿದ್ದು ಮಶೀನೋ, ಮಿಸ್ತ್ರಿಯೋ?" ಎಂದು ತಾಯವ್ವ ಒಳಗಿನಿಂದಲೇ ಕೇಳಿದಳು.

ಆರನೇ ಸಲ ಬಂದಾಗ ಮನೆಯಲ್ಲಿ ಯಲಗೂರಪ್ಪ ಇರಲಿಲ್ಲ. ಕಸ್ತೂರಿ ಕಟ್ಟೆಯ ಮೇಲೆ ಚಹಾ ತಂದಿಟ್ಟಳು. ಅವನು ಲೋಟ ಮುಟ್ಟದೆ ಹೇಳಿದ:

"ವೈರು ಚಲೋ ಐತಿ. ಬೋಲ್ಟೂ ಬಿಗೀ ಐತಿ. ನಾ ನಿಮ್ಮನ್ನ ಟಿಕೋಟಾಕ್ಕ ಬರ್ತೀರೇನು ಅಂತ ಕೇಳಾಕ ಬಂದೇನಿ. ಬಂದಾಗೆಲ್ಲಾ ಅದನ್ನ ಕೇಳಾಕ ಬಂದೇನಿ."

ಅವಳು ಲೋಟವನ್ನು ಅವನತ್ತ ಸರಿಸಿದಳು.

"ನನಗ ಏನೂ ಅನಸಂಗಿಲ್ರಿ" ಎಂದಳು. "ಆಗೊಮ್ಮೆ ಈಗೊಮ್ಮೆ ಒಂದೀಟ ಅನಸತೈತಿ, ಮತ್ತ ಇಲ್ಲ. ಅಂಥಾಕಿನ್ನ ಕಟಗೊಂಡು ಏನ ಮಾಡ್ತೀರಿ?"

"ಗಾಳಿ ನಿಂತ ದಿನ ದೋಣಿ ಮಂದಿ ಹಾಯಿ ಇಳಸಂಗಿಲ್ಲ. ಹಂಗ ಬಿಟ್ಟು, ಚಹಾ ಕುಡದು, ಕುಂತಿರ್ತಾರ. ನನಗ ಕುಂದ್ರಾಕ ಬರತೈತಿ."

ಕಸ್ತೂರಿ ಎದ್ದು ಒಳಗೆ ಹೋದಳು. ಹೋದವಳು ಬಾರದಿದ್ದಾಗ ಅವನು ಪೆಟ್ಟಿಗೆ ಹೆಗಲಿಗೇರಿಸಿ ಎದ್ದುನಿಂತ. ಆಗ ಅವಳು ಬಂದು ಒಂದು ಮಡಿಚಿದ ಲಕೋಟೆ ಚಾಚಿದಳು. ಹಾಲು ಮಾರಿ ಕೂಡಿಟ್ಟ ನಾಲ್ಕು ಸಾವಿರ.

"ಚಕ್ರದ್ದು. ನಿಮ್ಮ ಪಗಾರದಾಗ ಹೋಗಿದ್ದು."

ಅವನ ಮುಖ ಇಳಿಯಿತು. "ಇದ ನಿಮ್ಮ ಉತ್ತರಾ ಏನು? ಬ್ಯಾಡ್ರಿ. ಬಾಕಿ ಇರಲಿ. ಬಾಕಿ ಇದ್ರ ಬರಾಕ ಒಂದು ನೆವಾ ಇರತೈತಿ."

"ಹಿಡೀರಿ."

ಲಕೋಟೆ ಕೊಡುವಾಗ ಅವನ ಬೆರಳು ಅವಳ ಕೈಗೆ ತಾಕಿತು. ಎಣ್ಣೆ ಹಿಡಿದು ಒರಟಾದ, ಬೆಚ್ಚಗಿನ ಬೆರಳು. ಬೆಚ್ಚಗಿದೆ ಎಂದು ಅವಳಿಗೆ ತಿಳಿಯಿತು.

"ಬಾಕಿ ತೀರಿತು" ಎಂದಳು. "ಇನ್ನ ನೆವಾ ಇಲ್ಲದ ಬರ್ರಿ."

ಅವನು ಲಕೋಟೆಯನ್ನು ಹಾಗೇ ಹಿಡಿದು ನಿಂತ.

"ಯಾವಾಗ ಬರ್ಲಿ?"

"ನಮ್ಮಪ್ಪ ಮನ್ಯಾಗ ಇದ್ದಾಗ."